ರೇಡಿಯೋಹೆಡ್: ಮೊದಲು ಯಾವ ಆಲ್ಬಮ್ ಕೇಳಬೇಕು?

ಇಂಗ್ಲೆಂಡಿನ ಈ ರಾಕ್ ತಂಡವನ್ನು ಹೊಸದಾಗಿ ಕೇಳಹೊರಟವರು ಎರಡರ ನಡುವೆ ತಡವರಿಸುತ್ತಾರೆ: ದೊಡ್ಡ ಕಂಪನಿಯಿಂದ ಬಂದ ‘ಓಕೆ ಕಂಪ್ಯೂಟರ್’ (1997), ಸ್ವತಂತ್ರವಾದ ಮೇಲೆ ತಂಡವೇ ಹೊರತಂದ ‘ಇನ್ ರೈನ್‌ಬೋಸ್’ (2007).

ಮೊದಲನೆಯದು ಆಗ ಇಎಂಐ ಎಂಬ ದೊಡ್ಡ ಸಂಗೀತ ಕಂಪನಿಯ ಒಡೆತನದಲ್ಲಿದ್ದ ಪಾರ್ಲೋಫೋನ್ ಲೇಬಲ್‌ನದು (ಲೇಬಲ್ ಎಂದರೆ ಆಲ್ಬಮ್ ಹೊರತರುವ ಸಂಸ್ಥೆ). ಆದರೂ ಅಂಜಿ ಮಾಡಿದ ಸಂಗೀತವಲ್ಲ. ಆರು ನಿಮಿಷ ಮೀರಿದ ‘ಪ್ಯಾರನಾಯ್ಡ್ ಆಂಡ್ರಾಯ್ಡ್’ ಹಾಡನ್ನೇ ಮೊದಲ ಸಿಂಗಲ್ (ಆಲ್ಬಮ್‌ನಿಂದ ಬಿಡಿಯಾಗಿ ಹೊರತರುವ ಹಾಡು) ಆಗಿ ಬಿಟ್ಟರು. ಗಿಟಾರಿನ ಅಬ್ಬರ, ಯಂತ್ರಯುಗದ ದಿಗಿಲು ಬೇಕಿದ್ದರೆ ಇದು.

ಎರಡನೆಯದರ ಹೊತ್ತಿಗೆ ಇಎಂಐ ಒಪ್ಪಂದ ಮುಗಿದಿತ್ತು. 2007ರ ಅಕ್ಟೋಬರ್ 10ರಂದು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಿ, ಬೆಲೆಯನ್ನು ಕೇಳುಗರಿಗೇ ಬಿಟ್ಟರು. ಏನೂ ಕೊಡದೆಯೂ ಇಳಿಸಿಕೊಳ್ಳಬಹುದಿತ್ತು. ಅಂಗಡಿಗೆ ಸಿಡಿ ಬಂದದ್ದು ಆಮೇಲೆ, ಬ್ರಿಟನ್ನಿನಲ್ಲಿ ಎಕ್ಸ್‌ಎಲ್ ಎಂಬ ಸ್ವತಂತ್ರ ಲೇಬಲ್ ಮೂಲಕ. ಬೆಲೆಯ ಸುದ್ದಿಯ ಗದ್ದಲದಲ್ಲಿ ಹಾಡುಗಳೇ ಹಿಂದೆ ಸರಿದದ್ದು ನನಗೆ ಇಂದಿಗೂ ಬೇಸರ. ‘ನ್ಯೂಡ್’ ಕೇಳಿ: ತೊಂಬತ್ತರ ದಶಕದಲ್ಲೇ ಹುಟ್ಟಿ, ವೇದಿಕೆಯ ಮೇಲೂ ಕೇಳಿಬಂದು, ಆಲ್ಬಮ್ ಸೇರಲು ಇಷ್ಟು ವರ್ಷ ಕಾದ ಹಾಡು. ಆ ಮಂದ್ರ ಬೇಸ್, ತಂಡದ ಗಾಯಕ ಥಾಮ್ ಯಾರ್ಕ್‌ನ ಮೇಲೇರುವ ದನಿ!

ಎರಡಕ್ಕೂ ನಿರ್ಮಾಪಕ ನೈಜೆಲ್ ಗಾಡ್ರಿಚ್. ರಾಕ್ ಸಂಗೀತದ ಅಭ್ಯಾಸವಿಲ್ಲದವರು ‘ಇನ್ ರೈನ್‌ಬೋಸ್’ನಿಂದಲೇ ಆರಂಭಿಸಲಿ, ಗಿಟಾರ್ ಪ್ರಿಯರು 1997ಕ್ಕೆ ಹೋಗಲಿ.