ಪ್ರಾಗ್‌ನ ವಿದ್ಯಾರ್ಥಿ ಸಾರಿಗೆ ಪಾಸು: ದುಡ್ಡಿಗೆ ಮೋಸವಿಲ್ಲ, ಮಾಡಿಸುವಾಗ ಮಾತ್ರ ಹುಷಾರು

ಪ್ರಾಗ್‌ಗೆ ಓದಲು ಬಂದವರು ಮೊದಲು ಮಾಡಿಸಬೇಕಾದ್ದು ಸಾರಿಗೆ ಪಾಸು. ದಿಂಬು, ಕುಕ್ಕರ್ ಎಲ್ಲ ಆಮೇಲೆ. ಮೂರು ಮೆಟ್ರೊ ಮಾರ್ಗ, ಟ್ರಾಂ, ಬಸ್ಸು, ಊರೊಳಗಿನ ಲೋಕಲ್ ರೈಲು, ವ್ಲ್ತಾವಾ ನದಿ ದಾಟಿಸುವ ದೋಣಿ, ಎಲ್ಲಕ್ಕೂ ಇದೊಂದೇ ಸಾಕು. 2024ರ ದರಪಟ್ಟಿಯಲ್ಲಿ 26 ತುಂಬದ ವಿದ್ಯಾರ್ಥಿಗೆ ತಿಂಗಳಿಗೆ 130 ಕೊರುನಾ (ಝೆಕ್ ದೇಶದ ಹಣ), ಮೂರು ತಿಂಗಳಿಗೆ 360, ವರ್ಷಕ್ಕೆ 1,280. ಅರ್ಧ ಗಂಟೆಯ ಬಿಡಿ ಟಿಕೆಟ್ಟೇ ಆಗ 30 ಕೊರುನಾ ಇತ್ತು. ಐದನೇ ಸಲ ಹತ್ತುವಷ್ಟರಲ್ಲಿ ತಿಂಗಳ ಪಾಸಿನ ದುಡ್ಡು ವಸೂಲು. ಒಂದೇ ಸೆಮಿಸ್ಟರ್‌ಗೆ ಬಂದವರು ಮೂರು ತಿಂಗಳದ್ದೊಂದು, ತಿಂಗಳದ್ದೆರಡು ಕೊಂಡರೆ 620ಕ್ಕೆ ಐದು ತಿಂಗಳು ಸಾಗುತ್ತದೆ. ಕೊಳ್ಳುವ ಮುನ್ನ ಆ ವರ್ಷದ ದರ ನೋಡಿಕೊಳ್ಳಿ.

ಎಡವುವುದು ವಯಸ್ಸಿನಲ್ಲಿ. 26ನೇ ಹುಟ್ಟುಹಬ್ಬ ಬಂತೆಂದರೆ ಕೈಯಲ್ಲಿ ವಿಶ್ವವಿದ್ಯಾಲಯದ ಕಾರ್ಡು ಇದ್ದರೂ ರಿಯಾಯಿತಿ ಇಲ್ಲ. ಕೆಲ ವರ್ಷ ಕೆಲಸ ಮಾಡಿ ಮಾಸ್ಟರ್ಸ್‌ಗೆ ಬಂದವರಲ್ಲೂ ಪಿಎಚ್‌ಡಿಯವರಲ್ಲೂ ಹಲವರು ಈ ಗೆರೆಯಾಚೆಯೇ ಇರುತ್ತಾರೆ. ಅಂಥವರು ವರ್ಷದ ಪಾಸನ್ನೇ ತೆಗೆದುಕೊಳ್ಳಲಿ: 2015ರಲ್ಲಿ ಅದನ್ನು 3,650 ಕೊರುನಾಗೆ ಇಳಿಸಿದರು, ಲೆಕ್ಕ ಹಾಕಿದರೆ ದಿನಕ್ಕೆ ಹತ್ತು. ತಿಂಗಳು ತಿಂಗಳು ಪೂರ್ತಿ ದರ ಕೊಡುವುದು ನಷ್ಟ.

ಪಾಸನ್ನು ಯಾವುದರ ಮೇಲೆ ಹಾಕಿಸಿಕೊಳ್ಳುತ್ತೀರಿ ಎಂಬುದನ್ನು ಯಾರೂ ಯೋಚಿಸುವುದಿಲ್ಲ, ಆಮೇಲೆ ಪೇಚಾಡುತ್ತಾರೆ. ಲೀತಾಚ್ಕಾ ಎಂಬ ಪ್ಲಾಸ್ಟಿಕ್ ಕಾರ್ಡು, ಮೊಬೈಲ್ ಆ್ಯಪ್, ಬ್ಯಾಂಕ್ ಕಾರ್ಡು, ಮೂರಕ್ಕೂ ಅವಕಾಶವಿದೆ. ಮೊಬೈಲಿನ ಚಾರ್ಜು ಮುಗಿದರೆ ತಪಾಸಣೆಯವರ ಲೆಕ್ಕದಲ್ಲಿ ನಿಮ್ಮ ಬಳಿ ಟಿಕೆಟ್ಟೇ ಇಲ್ಲ. ಬ್ಯಾಂಕು ಹೊಸ ಕಾರ್ಡು ಕೊಟ್ಟರೆ ಪಾಸು ತಾನಾಗಿ ಅದಕ್ಕೆ ಬರುವುದಿಲ್ಲ, ನೀವೇ ವರ್ಗಾಯಿಸಬೇಕು. ಪ್ಲಾಸ್ಟಿಕ್ ಕಾರ್ಡೇ ವಾಸಿ. ರಿಯಾಯಿತಿಗೆ ಐಸಿಕ್ (ಅಂತರರಾಷ್ಟ್ರೀಯ ವಿದ್ಯಾರ್ಥಿ ಗುರುತಿನ) ಕಾರ್ಡು ಅಥವಾ ವಿಶ್ವವಿದ್ಯಾಲಯದ ದೃಢೀಕರಣ ಬೇಕು. ಅಕ್ಟೋಬರ್ ಆರಂಭದಲ್ಲಿ ತರಗತಿಗಳು ಶುರುವಾಗುವ ಹೊತ್ತಿಗೆ ಕೌಂಟರುಗಳ ಮುಂದೆ ಸರತಿ ಬೆಳೆಯುತ್ತದೆ. ಸೆಪ್ಟೆಂಬರಿನಲ್ಲೇ ಮುಗಿಸಿಕೊಂಡವರು ಜಾಣರು.

ಮೆಟ್ರೊದಲ್ಲಿ ಗೇಟು ಗೀಟು ಏನೂ ಇಲ್ಲ, ಯಾರೂ ತಡೆಯುವುದಿಲ್ಲ. ಅದನ್ನು ನೋಡಿ ಬಿಟ್ಟಿ ಅಂದುಕೊಂಡವರು ಮೆಟ್ಟಿಲ ಕೆಳಗೆ ಸಿಕ್ಕಿಬೀಳುತ್ತಾರೆ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೂ ಇರುತ್ತಾರೆ, ಆಗ ಬ್ಯಾಡ್ಜು ತೋರಿಸಿದಾಗಲೇ ಗೊತ್ತಾಗುವುದು. ಪಾಸು ಬರುವ ತನಕ ಕಾಗದದ ಟಿಕೆಟ್ ಬಳಸುವವರು ಅದನ್ನು ಹಳದಿ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಲೇಬೇಕು. ಮುದ್ರೆ ಇಲ್ಲದ ಟಿಕೆಟ್ಟಿಗೂ ದಂಡ. ಟ್ರಾಂ ಒಳಗಿನ ಯಂತ್ರಕ್ಕೆ ಬ್ಯಾಂಕ್ ಕಾರ್ಡು ತಾಗಿಸಿ ಕೊಂಡ ಟಿಕೆಟ್‌ಗೆ ಮಾತ್ರ ಅದು ಬೇಡ.

ಸೇವೆ ಹೇಗಿದೆ? ಹಗಲು ಹೊತ್ತು ದೂರುವಂಥದ್ದು ಹೆಚ್ಚಿಲ್ಲ, 22ನೇ ನಂಬರಿನ ಟ್ರಾಂ ಒಂದನ್ನು ಬಿಟ್ಟು. ಕೋಟೆಗೆ ಹೋಗುವ ಪ್ರವಾಸಿಗಳೆಲ್ಲ ಅದರಲ್ಲೇ ತುಂಬಿರುತ್ತಾರೆ, ಜೇಬುಗಳ್ಳರೂ ಅವರ ಹಿಂದೆಯೇ. ಕೋಟೆಯ ಕೆಳಗಿನ ಮಲಾ ಸ್ತ್ರಾನಾ ಬಡಾವಣೆಯ ಲೆತೆನ್ಸ್ಕಾ ಬೀದಿ ಒಂದು ಕಡೆ ಎಷ್ಟು ಇಕ್ಕಟ್ಟೆಂದರೆ ಎದುರುಬದುರು ಎರಡು ಟ್ರಾಂ ಹಾಯುವುದಿಲ್ಲ. ಆ ಕಡೆಯದು ಬಂದು ಸಿಗ್ನಲ್ ಸಿಗುವ ತನಕ ಈ ಕಡೆಯದು ನಿಂತೇ ಇರುತ್ತದೆ. ಅಲ್ಲೇ ಮಲೊಸ್ತ್ರನ್ಸ್ಕೆ ಚೌಕದಲ್ಲಿರುವ ಚಾರ್ಲ್ಸ್ ವಿಶ್ವವಿದ್ಯಾಲಯದ ಗಣಿತ-ಭೌತಶಾಸ್ತ್ರ ವಿಭಾಗದ ಕಟ್ಟಡದಲ್ಲಿ ಬೆಳಗಿನ ತರಗತಿ ಇದ್ದವರು ಹಸಿರು ಬಣ್ಣದ ಎ ಮೆಟ್ರೊ ಮಾರ್ಗದಲ್ಲಿ ಮಲೊಸ್ತ್ರನ್ಸ್ಕಾ ನಿಲ್ದಾಣದ ತನಕ ಹೋಗಿ ಅಲ್ಲಿಂದ ನಡೆಯುವುದೇ ಲೇಸು. ಇನ್ನೊಂದು ಮಾತು, ಜೀಬ್ರಾ ಗೆರೆ ಮೇಲೂ ಇಲ್ಲಿ ಟ್ರಾಂಗೇ ಮೊದಲ ದಾರಿ. ಕಾರು ನಿಲ್ಲುತ್ತದೆ, ಟ್ರಾಂ ನಿಲ್ಲುವುದಿಲ್ಲ.

ಮೆಟ್ರೊ ನಡುರಾತ್ರಿಯ ಹೊತ್ತಿಗೆ ನಿಲ್ಲುತ್ತದೆ, ಶುಕ್ರವಾರ ಮತ್ತು ಶನಿವಾರ ರಾತ್ರಿ ಸುಮಾರು ಒಂದು ಗಂಟೆ ಹೆಚ್ಚು. ಆಮೇಲೆ ತೊಂಬತ್ತರ ಸಾಲಿನ ನಂಬರಿನ ರಾತ್ರಿ ಟ್ರಾಂಗಳೇ ಗತಿ, ಸುಮಾರು ಅರ್ಧ ಗಂಟೆಗೊಂದು. ಇವು ಲಜರ್ಸ್ಕಾ ನಿಲ್ದಾಣದಲ್ಲಿ ಕೂಡುತ್ತವೆ, ದಾರಿ ತಪ್ಪಿದವರು ಅಲ್ಲಿಗೆ ಹೋದರೆ ಸಾಕು. ಬೇಸಿಗೆಯಲ್ಲಿ ಹಳಿ ರಿಪೇರಿಗೆಂದು ಮಾರ್ಗಗಳನ್ನು ಸುತ್ತು ಹಾಕಿಸುವುದೇ ಈ ವ್ಯವಸ್ಥೆಯ ದೊಡ್ಡ ಕಿರಿಕಿರಿ. ನಿಲ್ದಾಣದ ಹಳದಿ ನೋಟಿಸು ಓದದೆ ಪರೀಕ್ಷೆಗೆ ಹೊರಡಬೇಡಿ.

ವಿಮಾನ ನಿಲ್ದಾಣಕ್ಕೆ 59ನೇ ನಂಬರಿನ ಟ್ರಾಲಿಬಸ್ಸಿನಲ್ಲಿ ಪಾಸು ನಡೆಯುತ್ತದೆ, ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಡೆಯುವುದಿಲ್ಲ. ಕಾರ್ಲ್‌ಶ್ಟೇನ್ ಕೋಟೆ ನೋಡಲು ಎಸ್7 ಲೋಕಲ್ ರೈಲು ಹತ್ತುವವರು ಊರ ಗಡಿಯಾಚೆಯ ವಲಯಗಳಿಗಷ್ಟೇ ಬೇರೆ ಟಿಕೆಟ್ ಕೊಂಡರೆ ಸಾಕು.