ಬೇ ಏರಿಯಾದಲ್ಲಿ ಮಕ್ಕಳಿಗೆ ಜಾಝ್: ಐದನೇ ತರಗತಿಯಿಂದ ಹನ್ನೆರಡರವರೆಗೆ ಬಳಸಿ ನೋಡಿದ್ದು

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಮಕ್ಕಳು ಜಾಝ್ ಕಲಿಯೋದಕ್ಕೆ ದಾರಿಗಳು ಒಂದೆರಡಲ್ಲ. ಶಾಲೆಯ ಬ್ಯಾಂಡ್, ಬೇಸಿಗೆ ಶಿಬಿರ, ಆಡಿಷನ್ ಮಾಡಿ ಆರಿಸಿಕೊಳ್ಳುವ ತಂಡಗಳು, ವಾರಾಂತ್ಯದ ತರಗತಿ, ಸ್ಪರ್ಧೆ, ಎಲ್ಲವೂ ಇವೆ. ನಮ್ಮ ಮಗಳು ಐದನೇ ತರಗತಿಯಲ್ಲಿ ಆಲ್ಟೊ ಸ್ಯಾಕ್ಸೋಫೋನ್ ಕೈಗೆತ್ತಿಕೊಂಡಳು, 2025ರಲ್ಲಿ ಹೈಸ್ಕೂಲು ಮುಗಿಸಿದಳು. ಈ ನಡುವೆ ಇವುಗಳಲ್ಲಿ ಬಹುಪಾಲನ್ನು ಕಂಡಿದ್ದೇವೆ. ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಸಿಕ್ಕ ಅಪ್ಪ ಅಮ್ಮಂದಿರು "ಎಲ್ಲಿಗೆ ಸೇರಿಸೋಣ?" ಅಂತ ಕೇಳುತ್ತಲೇ ಇರುತ್ತಾರೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೈಯಿಂದ ದುಡ್ಡು ಹಾಕುವುದಾದರೆ, ಐದಾರು ಮಕ್ಕಳ ಸಣ್ಣ ಕಾಂಬೊದಲ್ಲಿ ನಿಮ್ಮ ಮಗುವಿಗೆ ಜಾಗ ಸಿಗುವ ಕಡೆ ಹಾಕಿ. ದೊಡ್ಡ ಹೆಸರು, ಟ್ರೋಫಿ, ಪ್ರವಾಸ ಎಲ್ಲ ಆಮೇಲೆ.

ಮೊದಲ ಮೆಟ್ಟಿಲು ಶಾಲೆಯೇ. ಇಲ್ಲಿನ ಬಹಳಷ್ಟು ಮಿಡಲ್ ಸ್ಕೂಲುಗಳಲ್ಲಿ ಜಾಝ್ ಬ್ಯಾಂಡ್ ನಡೆಯುವುದು ಝೀರೊ ಪೀರಿಯಡ್‌ನಲ್ಲಿ, ಅಂದರೆ ಮೊದಲ ಗಂಟೆ ಹೊಡೆಯುವುದಕ್ಕೂ ಮುಂಚೆ. ಡಿಸೆಂಬರಿನಲ್ಲಿ ಇನ್ನೂ ಬೆಳಕು ಹರಿಯುವ ಮೊದಲೇ ಕಾರಿಗೆ ಪೆಟ್ಟಿಗೆ ಏರಿಸಬೇಕು. ಹೈಸ್ಕೂಲಿಗೆ ಬಂದರೆ ಪೂರ್ಣ ಪ್ರಮಾಣದ ಬಿಗ್ ಬ್ಯಾಂಡ್: ಐದು ಸ್ಯಾಕ್ಸೋಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನ್, ಜೊತೆಗೆ ಪಿಯಾನೊ, ಬೇಸ್, ಡ್ರಮ್ಸ್, ಗಿಟಾರ್. ಇಷ್ಟು ಜನರ ನಡುವೆ ಕೂತು ನುಡಿಸಿದ ಮಗುವಿಗೆ ಎರಡು ವಿದ್ಯೆ ಖಂಡಿತ ಬರುತ್ತವೆ. ಒಂದು, ನೊಟೇಷನ್ ನೋಡಿದ ಕೂಡಲೇ ನುಡಿಸುವುದು. ಇನ್ನೊಂದು, ತನ್ನ ಸೆಕ್ಷನ್‌ನ ಲೀಡ್, ಅಂದರೆ ಆ ಸಾಲಿನ ಮುಖ್ಯ ವಾದಕ, ಎಲ್ಲಿ ಉಸಿರು ತೆಗೆಯುತ್ತಾನೋ ಅಲ್ಲೇ ತಾನೂ ತೆಗೆದು, ಅವನ ಸ್ವರದ ಉದ್ದಕ್ಕೆ ತನ್ನದನ್ನು ಸರಿ ಹೊಂದಿಸುವುದು. ಸ್ವಿಂಗ್ ಕೂಡ ಇಲ್ಲೇ ಮೈಗೆ ಹತ್ತುತ್ತದೆ. ಕಾಗದದ ಮೇಲೆ ಎರಡೂ ಸ್ವರ ಒಂದೇ ಅಳತೆಯವು, ನುಡಿಸುವಾಗ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಎಷ್ಟು ಗಿಡ್ಡ ಅನ್ನುವುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು, ಪಕ್ಕದವರನ್ನು ಕೇಳಿಯೇ ಕಲಿಯಬೇಕು.

ಬಿಗ್ ಬ್ಯಾಂಡ್‌ನಲ್ಲಿ ಬಾರದ್ದು ಮನೋಧರ್ಮ, ಅಂದರೆ ಬರೆದದ್ದನ್ನು ಬಿಟ್ಟು ಆ ಕ್ಷಣದಲ್ಲೇ ಹೊಸದನ್ನು ಕಟ್ಟುತ್ತಾ ನುಡಿಸುವುದು. ನಾಲ್ಕು ನಿಮಿಷದ ಒಂದು ಚಾರ್ಟಿನಲ್ಲಿ, ಅಂದರೆ ಬ್ಯಾಂಡಿಗೆಂದು ಬರೆದಿಟ್ಟ ಕೃತಿಯಲ್ಲಿ, ಸೋಲೊಗೆ ಸಿಗುವ ಜಾಗ ಹದಿನಾರೋ ಮೂವತ್ತೆರಡೋ ಬಾರ್ (ಒಂದು ಬಾರ್ ಅಂದರೆ ತಾಳದ ಒಂದು ಸಣ್ಣ ಸುತ್ತು). ಅದು ಹೋಗುವುದು ಈಗಾಗಲೇ ಚೆನ್ನಾಗಿ ನುಡಿಸುವ ಇಬ್ಬರು ಮೂವರಿಗೆ. ಬ್ಯಾಂಡ್ ಡೈರೆಕ್ಟರ್‌ರನ್ನು ದೂರುವಂತಿಲ್ಲ. ಅವರ ಮುಂದೆ ಇಪ್ಪತ್ತು ಮಕ್ಕಳು, ತಲೆಯ ಮೇಲೆ ಸಂಗೀತ ಕಚೇರಿಯ ದಿನಾಂಕ.

ದುಡ್ಡಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಶಾಲೆಯ ಬ್ಯಾಂಡಿಗೆ ಫೀಸಿಲ್ಲ, ಆದರೆ ಪೋಷಕರ ಬೂಸ್ಟರ್ ಸಂಘದಿಂದ ದೇಣಿಗೆಯ ಪತ್ರ ತಪ್ಪದೆ ಬರುತ್ತದೆ. 1978ರಲ್ಲಿ ಪ್ರೊಪೊಸಿಷನ್ 13 (ಮತದಾರರೇ ನೇರವಾಗಿ ಮತ ಹಾಕಿ ಒಪ್ಪಿದ ಕಾನೂನು) ಬಂದು ಆಸ್ತಿ ತೆರಿಗೆಗೆ ಮಿತಿ ಹಾಕಿದ ಮೇಲೆ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಮೊದಲು ಕತ್ತರಿ ಬಿದ್ದದ್ದು ಸಂಗೀತದಂಥ ವಿಷಯಗಳಿಗೇ. 2022ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 28 ಕಲೆ ಮತ್ತು ಸಂಗೀತಕ್ಕೆಂದೇ ಹಣ ಮೀಸಲಿಟ್ಟಿದೆ. ನಿಮ್ಮ ಶಾಲೆಯಲ್ಲಿ ಆ ಹಣ ಎಲ್ಲಿಗೆ ಹೋಗುತ್ತಿದೆ ಎಂದು ಧೈರ್ಯವಾಗಿ ಕೇಳಿ. ವಾದ್ಯವನ್ನು ಮೊದಲ ವರ್ಷ ಬಾಡಿಗೆಗೆ ತನ್ನಿ. ಮಗು ಬಿಡುವುದಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ಯಮಾಹಾ ವೈಎಎಸ್-280 ಥರದ ವಿದ್ಯಾರ್ಥಿ ಮಾದರಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡರೆ ಧಾರಾಳ ಸಾಕು. ನಮ್ಮದು ಹೈಸ್ಕೂಲಿನ ಕೊನೆಯವರೆಗೂ ಬಂತು. ಪ್ಯಾಡುಗಳನ್ನು ಸರಿ ಮಾಡಿಸಿದ್ದು, ಕಾರ್ಕ್ ಹಾಕಿಸಿದ್ದು ಬಿಟ್ಟರೆ ರಿಪೇರಿ ಇಲ್ಲ. ಊದುವ ತುದಿಗೆ ಕಟ್ಟುವ ತೆಳು ಪಟ್ಟಿಗಳಾದ ರೀಡ್‌ಗಳ ಖರ್ಚು ಮಾತ್ರ ತೀರುವಂಥದ್ದಲ್ಲ.

ನಮ್ಮಂಥ ಮನೆಗಳ ಮಕ್ಕಳಿಗೆ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ನಾನು ಊರಿನಲ್ಲಿ ಸೀನಿಯರ್ ಪರೀಕ್ಷೆಯವರೆಗೆ ಕರ್ನಾಟಕ ಸಂಗೀತ ಕಲಿತವಳು, ಮಗಳೂ ನನ್ನ ಹತ್ತಿರ ವರ್ಣದವರೆಗೆ ಕಲಿತಿದ್ದಳು. ಅದರಿಂದ ಕಿವಿ ಹದವಾಗಿತ್ತು. ಕೇಳಿದ ಸಾಲನ್ನು ಹಾಡಿ, ಆಮೇಲೆ ವಾದ್ಯದಲ್ಲಿ ತರುವುದು ಜಾಝ್ ಗುರುಗಳೂ ಹೇಳುವ ಪಾಠ, ಅದು ಅವಳಿಗೆ ಸಲೀಸು. ಬ್ಲೂಸ್‌ನಲ್ಲಿ ಸ್ವರವನ್ನು ಎಳೆದು ಜಾರಿಸುವುದಂತೂ ಯಾರೂ ಹೇಳಿಕೊಡದೆ ಬಂತು. ಅವಳು ನಿಂತುಹೋದದ್ದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾವಣೆಯ ಎದುರು. ಆಗಿಂದಾಗಲೇ ಸ್ವರಗಳನ್ನು ಕಟ್ಟುತ್ತಾ ಕಲ್ಪನಾಸ್ವರ ಹಾಡುವಾಗ ರಾಗ ಒಂದೇ, ಷಡ್ಜ ಅಲುಗುವುದಿಲ್ಲ. ಜಾಝ್‌ನಲ್ಲಿ ನೀವು ಮಾತು ಮುಗಿಸುವಷ್ಟರಲ್ಲಿ ಕಾಲ ಕೆಳಗಿನ ನೆಲ ಸರಿದಿರುತ್ತದೆ.

ಅವಳ ಮೇಷ್ಟ್ರು ಇದನ್ನು ಬಿಡಿಸಿದ ರೀತಿ ಇಲ್ಲಿ ಹೇಳಲೇಬೇಕು. ಆಲ್ಟೊದ ಸ್ವರಗಳನ್ನು ಪಿಯಾನೊಗಿಂತ ಬೇರೆ ಹೆಸರಿನಲ್ಲಿ ಬರೆಯುತ್ತಾರೆ, ಹಾಗಾಗಿ ಬಿ ಫ್ಲಾಟ್ ಬ್ಲೂಸ್ ಎಂದರೆ ಆಲ್ಟೊದವರಿಗೆ ಜಿ. ಹನ್ನೆರಡು ಬಾರ್, ಮೂಲತಃ ಮೂರೇ ಕಾರ್ಡ್: ಜಿ ಸೆವೆಂತ್, ಸಿ ಸೆವೆಂತ್, ಡಿ ಸೆವೆಂತ್. "ಬೇರೆ ಏನೂ ನುಡಿಸಬೇಡ. ಜಿ ಇರುವಷ್ಟು ಹೊತ್ತು ಬಿ ಹಿಡಿದುಕೋ, ಸಿ ಬಂದ ಕ್ಷಣ ಅದನ್ನು ಬಿ ಫ್ಲಾಟ್‌ಗೆ ಇಳಿಸು" ಅಂದರು. ಮನೆಗೆ ಬಂದು ಅದನ್ನೇ ನುಡಿಸಿದಳು. ಜಿಯನ್ನು ಷಡ್ಜ ಅಂದುಕೊಂಡರೆ ಅಂತರ ಗಾಂಧಾರ ಸಾಧಾರಣ ಗಾಂಧಾರವಾಗುತ್ತದೆ, ಅಷ್ಟೇ. ಆ ಅರ್ಧ ಸ್ವರದ ಇಳಿತದಲ್ಲಿ, ಪಿಯಾನೊ ಇಲ್ಲದಿದ್ದರೂ, ಕಾರ್ಡ್ ಬದಲಾದದ್ದು ಅಡುಗೆಮನೆಯಲ್ಲಿದ್ದ ನನಗೂ ಸ್ಪಷ್ಟವಾಗಿ ಕೇಳಿಸಿತು. ಕರ್ನಾಟಕ ಸಂಗೀತ ಗೊತ್ತಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಬಾಗಿಲನ್ನು ನಾನು ಕಂಡಿಲ್ಲ.

ಸ್ಯಾಕ್ಸೋಫೋನ್ ಅಂದ ಕೂಡಲೇ ನಮ್ಮವರು ಕದ್ರಿ ಗೋಪಾಲನಾಥ್ ಅವರನ್ನು ನೆನೆಯುತ್ತಾರೆ, ನೆನೆಯಲೇಬೇಕು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತವರು ಅವರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ಜೊತೆ ವೇದಿಕೆ ಹತ್ತಿದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ನಮ್ಮ ಈ ಬೇ ಏರಿಯಾದವರೇ. ಮುಂದೆ 2008ರಲ್ಲಿ ಅಮೆರಿಕದ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೂ ಗೋಪಾಲನಾಥರ ಆಲ್ಬಮ್ ಬಂತು. ಮಗಳಿಗೆ ಅದನ್ನು ಕೇಳಿಸಿದ ಮೇಲೆ, ತನ್ನ ಎರಡು ಸಂಗೀತಗಳನ್ನು ಎರಡು ಪೆಟ್ಟಿಗೆಯಲ್ಲಿ ಇಡಬೇಕಿಲ್ಲ ಅನ್ನುವುದು ಅವಳಿಗೆ ಮನದಟ್ಟಾಯಿತು.

ಇನ್ನು ಶಿಬಿರ. ಸ್ಟ್ಯಾನ್‌ಫರ್ಡ್ ಜಾಝ್ ವರ್ಕ್‌ಶಾಪ್ ಅನ್ನು 1972ರಲ್ಲಿ ಸ್ಯಾಕ್ಸೋಫೋನ್ ವಾದಕ ಜಿಮ್ ನಡೆಲ್ ಶುರು ಮಾಡಿದರು. ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದರೂ ಇದು ಬೇರೆಯೇ ಸಂಸ್ಥೆ, ಲಾಭಕ್ಕಾಗಿ ನಡೆಯುವುದಲ್ಲ. ಹೆಸರಾಂತ ಸ್ಯಾಕ್ಸೋಫೋನ್ ವಾದಕ ಸ್ಟ್ಯಾನ್ ಗೆಟ್ಜ್‌ರಂಥವರು ಪಾಠ ಮಾಡಿದ ಜಾಗ. ಹದಿಹರೆಯದವರ ಶಿಬಿರ ವಾರಗಳ ಲೆಕ್ಕದಲ್ಲಿ ನಡೆಯುತ್ತದೆ. ಮೊದಲು ನುಡಿಸಿ ತೋರಿಸಬೇಕು, ಅದರ ಮೇಲೆ ಮಟ್ಟ ನೋಡಿ ಗುಂಪು ಮಾಡುತ್ತಾರೆ. ಆಮೇಲೆ ಥಿಯರಿ, ವಾದ್ಯದ ಮಾಸ್ಟರ್ ಕ್ಲಾಸ್, ಕಾಂಬೊ. ಹಗಲು ಪಾಠ ಮಾಡಿದವರನ್ನೇ ರಾತ್ರಿ ಅಲ್ಲಿನ ಉತ್ಸವದ ವೇದಿಕೆಯ ಮೇಲೆ ಕೇಳುವ ಅವಕಾಶ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾಗದು.

ಕಾಂಬೊ ತರಗತಿಯ ಬಾಗಿಲ ಆಚೆ ನಿಂತು ಒಮ್ಮೆ ಕೇಳಿದ್ದೇನೆ. ಮಗಳು ಎರಡು ಕೋರಸ್, ಅಂದರೆ ಹಾಡಿನ ಎರಡು ಪೂರ್ತಿ ಸುತ್ತು, ಬಿಡುವಿಲ್ಲದೆ ನುಡಿಸಿದಳು, ಬೆರಳುಗಳು ಓಡುತ್ತಿದ್ದವು. ಮೇಷ್ಟ್ರು ಎಲ್ಲರನ್ನೂ ನಿಲ್ಲಿಸಿದರು. ಮುಂದಿನ ಕೋರಸ್ ಪೂರ್ತಿ ಅವಳು ವಾದ್ಯ ಇಳಿಸಿ, ಬೇಸ್ ನುಡಿಸುವ ಹುಡುಗನ ಪಕ್ಕ ಹೋಗಿ ನಿಲ್ಲಬೇಕು, ಅವನು ಕೊನೆಗೆ ಯಾವ ಸ್ವರದ ಮೇಲೆ ಇಳಿಯುತ್ತಾನೋ ಅಲ್ಲಿಂದಲೇ ತನ್ನ ಸೋಲೊ ತೆಗೆಯಬೇಕು. ತೆಗೆದಳು. ಸ್ವರಗಳು ಅರ್ಧಕ್ಕರ್ಧ ಕಮ್ಮಿಯಾದವು. ನಡುವೆ ಖಾಲಿ ಜಾಗ ಬಂತು, ಅದಕ್ಕೆ ಡ್ರಮ್ಸ್ ಹುಡುಗಿ ಉತ್ತರ ಕೊಟ್ಟಳು. ಆಮೇಲೆ ಇಬ್ಬರೂ ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ಸವಾಲು ಜವಾಬು ನಡೆಸಿದರು. ತನಿ ಆವರ್ತನದಲ್ಲಿ ಮೃದಂಗ, ಘಟದವರು ಮಾಡುತ್ತಾರಲ್ಲ, ಹಾಗೆ. ಶಾಲೆಯ ಬ್ಯಾಂಡಿನಲ್ಲಿ ವರ್ಷಗಟ್ಟಲೆ ಕೂತರೂ ಇಂಥ ಪಾಠ ಸಿಗುವುದು ಅಪರೂಪ. ನಾನು ಕಾಂಬೊ ಕಾಂಬೊ ಅಂತ ಹಿಡಿದು ಕೂತಿರುವುದು ಇದಕ್ಕೇ.

ಬೆಲೆ ಕೈ ಕಚ್ಚುತ್ತದೆ. ಅಲ್ಲೇ ಉಳಿದುಕೊಳ್ಳುವ ವಾರಕ್ಕೆ ಸಾವಿರ ಡಾಲರ್ ದಾಟುತ್ತದೆ. ಹಗಲು ಮಾತ್ರ ಹೋಗಿಬರುವ ವ್ಯವಸ್ಥೆಯೂ ಇದೆ, ಹತ್ತಿರದವರಿಗೆ ಅದೇ ಮೇಲು.

ಕೊರೊನಾ ಕಾಲದಲ್ಲಿ ಎಲ್ಲವೂ ಪರದೆಗೆ ಬಂತು. ಥಿಯರಿ ಚೆನ್ನಾಗಿಯೇ ನಡೆಯಿತು, ಒಟ್ಟಿಗೆ ನುಡಿಸುವುದು ಆಗಲೇ ಇಲ್ಲ. ಸದ್ದು ತಲುಪುವುದು ಸುಮಾರು 25 ಮಿಲಿಸೆಕೆಂಡಿಗಿಂತ ತಡವಾದರೆ ತಾಳ ಜಾರತೊಡಗುತ್ತದೆ, ಝೂಮ್‌ನಲ್ಲಿ ತಡ ಅದಕ್ಕಿಂತ ಬಹಳ ಹೆಚ್ಚು. ಸ್ಟ್ಯಾನ್‌ಫರ್ಡ್‌ನವರೇ ಬಹಳ ಹಿಂದೆ ರೂಪಿಸಿದ ಜ್ಯಾಕ್‌ಟ್ರಿಪ್ ಎಂಬ ತಂತ್ರಾಂಶ ಆಗ ಅನೇಕರ ಕೈ ಹಿಡಿಯಿತು. ಅದಕ್ಕೆ ವೈಫೈ ಬಿಟ್ಟು ಕೇಬಲ್ ಎಳೆಯಬೇಕು, ಜೊತೆಗಾರರೂ ಹತ್ತಿರದ ಊರಿನವರಾಗಿರಬೇಕು. ಆನ್‌ಲೈನ್ ಎನ್ಸೆಂಬಲ್ ಅಂತ ಇವತ್ತಿಗೂ ಯಾರಾದರೂ ಮಾರಿದರೆ, ಮಕ್ಕಳು ಒಂದೇ ಹೊತ್ತಿಗೆ ನುಡಿಸುತ್ತಾರೋ ಅಥವಾ ಬೇರೆ ಬೇರೆ ರೆಕಾರ್ಡ್ ಮಾಡಿದ್ದನ್ನು ಅಂಟಿಸುತ್ತಾರೋ ಎಂದು ವಿಚಾರಿಸಿ.

ಆಡಿಷನ್ ತಂಡಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜಾಝ್ ಸಂಸ್ಥೆ ಎಸ್‌ಎಫ್‌ಜಾಝ್‌ನ ಹೈಸ್ಕೂಲ್ ಆಲ್ ಸ್ಟಾರ್ಸ್‌ಗೆ ಇಡೀ ಬೇ ಏರಿಯಾದಿಂದ ಮಕ್ಕಳು ಪೈಪೋಟಿಗೆ ಬರುತ್ತಾರೆ. ನಾವು ಸೇರಿಸಿದ್ದು ಬೇರೊಂದು ಖಾಸಗಿ ವಾರಾಂತ್ಯದ ತಂಡಕ್ಕೆ, ಹೆಸರು ಬೇಡ. ಇಡೀ ಸೆಮಿಸ್ಟರ್ ಸ್ಪರ್ಧೆಗೆಂದು ಅದೇ ಮೂರು ಚಾರ್ಟುಗಳನ್ನು ತಿದ್ದಿದ್ದೇ ತಿದ್ದಿದ್ದು. ಸೋಲೊ ಅಂದರೆ ಅದೇ ಇಬ್ಬರು. ಉಳಿದ ಮಕ್ಕಳ ಫೀಸು ಮಾತ್ರ ಸಮ. ಟ್ರೋಫಿ ಬಂತು, ನಮ್ಮ ಮಗಳು ವಾರವಿಡೀ ವಾದ್ಯ ಮುಟ್ಟದೆ ಇರುವುದನ್ನು ನಾನು ಮೊದಲ ಸಲ ಕಂಡದ್ದೂ ಆಗಲೇ. ಬಿಡಿಸಿದೆವು. ಸೇರಿಸುವ ಮುಂಚೆ ಒಂದು ಅಭ್ಯಾಸಕ್ಕೆ ಹೋಗಿ ಹಿಂದೆ ಕೂತು ನೋಡಿ. ಹೊಸಬರಿಗೆ, ತಪ್ಪು ನುಡಿಸುವವರಿಗೆ ಸೋಲೊ ಸಿಗುತ್ತಿದೆಯೇ ಅನ್ನುವುದೊಂದನ್ನು ಗಮನಿಸಿದರೆ ಸಾಕು.

ಸ್ಪರ್ಧೆಗಳೆಲ್ಲ ಹೀಗೇ ಅನ್ನಲಾರೆ. ನ್ಯೂಯಾರ್ಕಿನ ಜಾಝ್ ಅಟ್ ಲಿಂಕನ್ ಸೆಂಟರ್ ನಡೆಸುವ ಎಸೆನ್ಷಿಯಲಿ ಎಲಿಂಗ್ಟನ್ ಎಂಬ ಹೈಸ್ಕೂಲ್ ಬ್ಯಾಂಡ್ ಸ್ಪರ್ಧೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. 1990ರ ದಶಕದಿಂದ ಜಾಝ್ ರಚನಕಾರ, ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್‌ರ ಚಾರ್ಟುಗಳನ್ನು ಹೈಸ್ಕೂಲುಗಳಿಗೆ ಪುಕ್ಕಟೆ ಕೊಡುತ್ತಾ ಬಂದಿದ್ದಾರೆ. ಸ್ಪರ್ಧೆಗೆ ಇಳಿಯದ ಶಾಲೆಗೂ ಸಿಗುತ್ತವೆ. ಎಲಿಂಗ್ಟನ್ ಬರೆಯುತ್ತಿದ್ದದ್ದು ತನ್ನ ತಂಡದ ಒಬ್ಬೊಬ್ಬ ವಾದಕನನ್ನು ಕಣ್ಣ ಮುಂದಿಟ್ಟುಕೊಂಡು. ಆಲ್ಟೊದಲ್ಲಿ ಜಾನಿ ಹಾಜಸ್, ಬ್ಯಾರಿಟೋನ್‌ನಲ್ಲಿ ಹ್ಯಾರಿ ಕಾರ್ನಿ. ಹಾಗಾಗಿ ಮೂಲೆಯಲ್ಲಿ ಕೂತ ಬ್ಯಾರಿಟೋನ್ ಮಗುವಿಗೂ ಲೆಕ್ಕಭರ್ತಿಯ ಸಾಲು ಸಿಗುವುದಿಲ್ಲ. ನಿಮ್ಮ ಬ್ಯಾಂಡ್ ಡೈರೆಕ್ಟರ್‌ಗೆ ಇದು ಗೊತ್ತಿಲ್ಲದಿದ್ದರೆ ತಿಳಿಸಿ. ಮಾಂಟೆರೆ ಜಾಝ್ ಉತ್ಸವದವರು ವಸಂತದಲ್ಲಿ ನಡೆಸುವ ನೆಕ್ಸ್ಟ್ ಜನರೇಷನ್ ಉತ್ಸವಕ್ಕೆ ಬರೀ ಕೇಳುಗರಾಗಿ ಹೋದರೂ ಲಾಭವೇ. ತನ್ನ ವಯಸ್ಸಿನವರು ಹೀಗೆ ನುಡಿಸುತ್ತಾರೆ ಅನ್ನುವುದನ್ನು ಎದುರಿಗೆ ಕಂಡ ಮಗುವಿಗೆ ಸಾಧನೆ ಮಾಡು ಅಂತ ಬೆನ್ನು ಬೀಳಬೇಕಿಲ್ಲ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಮಿಡಲ್ ಸ್ಕೂಲಿನ ಬ್ಯಾಂಡಿನಲ್ಲಿ ಹುಡುಗಿಯರು ತಕ್ಕಮಟ್ಟಿಗೆ ಇರುತ್ತಾರೆ, ಸೋಲೊಗೆ ಎದ್ದು ನಿಲ್ಲುವ ವಯಸ್ಸಿಗೆ ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ. ನಮ್ಮವಳೂ ಎಷ್ಟೋ ಕಾಂಬೊಗಳಲ್ಲಿ ಒಬ್ಬಳೇ ಹುಡುಗಿ. ಡ್ರಮ್ಸ್ ವಾದಕಿ ಟೆರಿ ಲಿನ್ ಕ್ಯಾರಿಂಗ್ಟನ್ 2018ರಲ್ಲಿ ಬಾಸ್ಟನ್ನಿನ ಬರ್ಕ್ಲೀ ಕಾಲೇಜಿನಲ್ಲಿ ಜಾಝ್ ಮತ್ತು ಲಿಂಗ ನ್ಯಾಯಕ್ಕೆಂದೇ ಒಂದು ಕೇಂದ್ರ ತೆರೆದದ್ದು ಸುಮ್ಮನೆ ಅಲ್ಲ. ಕಲಿಸುವವರಲ್ಲಿ ಹೆಂಗಸರು ಇದ್ದಾರೆಯೇ ಎಂದು ನೋಡಿ ಸೇರಿಸಿ. ಮಗಳ ಭುಜ ನೇರವಾದದ್ದು ಟ್ರಂಪೆಟ್ ನುಡಿಸುವ ಒಬ್ಬ ಮೇಡಂ ಕೈಕೆಳಗೆ ಕಲಿತ ವರ್ಷ.

ಅವಳೀಗ ಕಾಲೇಜಿನಲ್ಲಿ ಓದುತ್ತಿರುವುದು ಜೀವಶಾಸ್ತ್ರ, ವಾರಕ್ಕೊಮ್ಮೆ ಅಲ್ಲಿನ ಕಾಂಬೊದಲ್ಲಿ ನುಡಿಸುತ್ತಾಳೆ. ಸಂಗೀತಗಾರಳಾಗಲಿ ಎಂದು ನಾವು ಸೇರಿಸಿದ್ದೂ ಅಲ್ಲ. ಈ ಬೇಸಿಗೆಗೆ ಯೋಚಿಸುತ್ತಿರುವವರು ಶಿಬಿರಗಳ ನೋಂದಣಿಯನ್ನು ಚಳಿಗಾಲದಲ್ಲೇ ನೋಡಿಕೊಳ್ಳಿ. ಡ್ರಮ್ಸ್, ಪಿಯಾನೊ, ಸ್ಯಾಕ್ಸೋಫೋನ್ ಕಲಿಯುವ ಮಕ್ಕಳು ಹೆಚ್ಚು, ಆ ಜಾಗಗಳು ಬೇಗ ತುಂಬುತ್ತವೆ. ಟ್ರಾಂಬೋನ್, ಬೇಸ್‌ನವರಿಗೆ ಅಷ್ಟು ಅವಸರವಿಲ್ಲ. ಫೀಸು ಭಾರವಾದರೆ ಆರ್ಥಿಕ ನೆರವಿಗೆ ಅರ್ಜಿ ಹಾಕಿ. ನಮ್ಮವರು ಕೇಳಲು ಸಂಕೋಚಪಡುತ್ತಾರೆ, ಆದರೆ ಆ ನಿಧಿ ಇಟ್ಟಿರುವುದೇ ಕೇಳಿದವರಿಗೆ ಕೊಡಲು.