ಕಟ್ಟದ ನೀರಿಗೂ ನೇತ್ರಾಣಿಯ ಕಡಲಿಗೂ ಯಾವ ಮ್ಯಾಕ್ರೋ ಲೆನ್ಸ್?

ನೀರಿನೊಳಗೆ ಸಣ್ಣ ಜೀವಿಗಳ ಚಿತ್ರ ತೆಗೆಯಲು ನಾನು ಕೊನೆಗೆ ಉಳಿಸಿಕೊಂಡದ್ದು 60 ಮಿ.ಮೀ. ಎಫ್/2.8 ಮ್ಯಾಕ್ರೋ ಲೆನ್ಸನ್ನು. ಒಲಿಂಪಸ್ 2012ರಲ್ಲಿ ತಂದ ಈ ಲೆನ್ಸ್ ಈಗ ಓಎಂ ಸಿಸ್ಟಮ್ ಹೆಸರಿನಲ್ಲಿ ಸಿಗುತ್ತದೆ. ಅದೇ ಬಳಗದ 30 ಮಿ.ಮೀ. ಎಫ್/3.5 ಮ್ಯಾಕ್ರೋವನ್ನು ಒಂದು ಬೇಸಗೆಯಿಡೀ ಬಳಸಿ ಮಾರಿದೆ. ಕ್ಯಾಮೆರಾದೊಂದಿಗೆ ಬಂದ 14–42 ಮಿ.ಮೀ. ಜೂಮ್ ಮತ್ತು ಪೋರ್ಟಿನ (ಕ್ಯಾಮೆರಾವನ್ನು ಇಡುವ ನೀರು ಹೋಗದ ಪೆಟ್ಟಿಗೆಯಾದ ಹೌಸಿಂಗಿನಲ್ಲಿ ಲೆನ್ಸಿನ ಮುಂದಿರುವ ಗಾಜಿನ ಭಾಗ) ಹೊರಗಡೆ ತಿರುಗಿಸಿ ಹಾಕುವ ಕ್ಲೋಸ್-ಅಪ್ ಮಸೂರದ ಜೋಡಿಯನ್ನೂ ಸಾಕಷ್ಟು ಪರೀಕ್ಷಿಸಿದ್ದೇನೆ. ನನ್ನ ಮಿರರ್‌ಲೆಸ್ ಕ್ಯಾಮೆರಾ ಮೈಕ್ರೋ ಫೋರ್ ಥರ್ಡ್ಸ್ ಎಂಬ ಚಿಕ್ಕ ಸೆನ್ಸರಿನ ಬಗೆಯದು. ಇಲ್ಲಿನ ಮಾತುಗಳೆಲ್ಲ ಆ ಅಳತೆಯ ಸೆನ್ಸರಿಗೆ ಸಂಬಂಧಿಸಿದವು.

ಯಾವ ನೀರಿನಲ್ಲಿ ಇಳಿಯುತ್ತೇವೆ ಎಂಬುದನ್ನು ಬಿಟ್ಟು ಲೆನ್ಸಿನ ಆಯ್ಕೆಯನ್ನು ಮಾತನಾಡಲಾಗದು. ಕಾಸರಗೋಡಿನ ಬದಿಯಡ್ಕದ ಆಸುಪಾಸಿನಲ್ಲಿರುವ ನಮಗೆ ಕುಂಬಳೆಯಿಂದ ಬೇಕಲದವರೆಗಿನ ಕಡಲು ಹತ್ತಿರವಾದರೂ, ದಡದ ಬಳಿ ಅಲೆ ಮರಳನ್ನು ಎತ್ತುತ್ತಲೇ ಇರುವುದರಿಂದ ಅಲ್ಲಿ ಕ್ಯಾಮೆರಾಕ್ಕೆ ಹೆಚ್ಚಿನ ಕೆಲಸವಿಲ್ಲ. ನಾನು ಇಳಿಯುವುದು ಎರಡು ಕಡೆ. ಮೊದಲನೆಯದು, ಮಳೆ ನಿಂತ ಮೇಲೆ ತೋಡುಗಳಿಗೆ ಅಡ್ಡಲಾಗಿ ಕಟ್ಟುವ ಕಟ್ಟಗಳ ಹಿಂದೆ ನಿಲ್ಲುವ ನೀರು. ಏತಡ್ಕದಂತಹ ಊರುಗಳಲ್ಲಿ ಅಡಿಕೆ ತೋಟಗಳಿಗೆ ಬೇಸಗೆಯಲ್ಲಿ ಆಧಾರವಾಗುವ ಈ ನೀರು ಒಂದಾಳು ಆಳವೂ ಇರುವುದಿಲ್ಲ, ಸ್ನಾರ್ಕೆಲ್ ಒಂದಿದ್ದರೆ ಸಾಕು. ಎರಡನೆಯದು, ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ. ಮಳೆಗಾಲ ಕಳೆದ ಮೇಲೆ ಅಲ್ಲಿ ಡೈವಿಂಗ್ ನಡೆಯುತ್ತದೆ. ಒಂದರಲ್ಲಿ ಕೊಳೆತ ಎಲೆಯ ಪುಡಿ, ಇನ್ನೊಂದರಲ್ಲಿ ಪ್ಲಾಂಕ್ಟನ್ ಎಂಬ ತೇಲುವ ಸಣ್ಣ ಜೀವಿಗಳು. ಎರಡರಲ್ಲೂ ಪೋರ್ಟಿನ ಗಾಜಿಗೂ ಜೀವಿಗೂ ನಡುವೆ ಎಷ್ಟು ನೀರಿದೆ ಎಂಬುದೇ ಚಿತ್ರದ ಗುಣವನ್ನು ನಿರ್ಧರಿಸುತ್ತದೆ.

ಹಾಗಿದ್ದರೆ ಅತಿ ಹತ್ತಿರ ಹೋಗುವ 30 ಮಿ.ಮೀ. ಲೆನ್ಸೇ ಉತ್ತಮವಲ್ಲವೇ ಎಂದು ಯಾರಿಗಾದರೂ ತೋರುವುದು ಸಹಜ. ಅದು 1.25 ಪಟ್ಟು ಹಿಗ್ಗಿಸುತ್ತದೆ, 60 ಮಿ.ಮೀ. ಒಂದು ಪಟ್ಟು ಮಾತ್ರ, ಅಂದರೆ ಜೀವಿ ಸೆನ್ಸರಿನ ಮೇಲೆ ತನ್ನ ನಿಜವಾದ ಗಾತ್ರದಲ್ಲೇ ಮೂಡುತ್ತದೆ. ಆದರೆ ಆ ಗರಿಷ್ಠ ಹಿಗ್ಗುವಿಕೆಯಲ್ಲಿ 30ರ ತುದಿಯಿಂದ ಜೀವಿಗೆ ಉಳಿಯುವ ಅಂತರ ಕೇವಲ 14 ಮಿ.ಮೀ. ಅಷ್ಟು ಸಮೀಪದಲ್ಲಿ ಸ್ಟ್ರೋಬನ್ನು (ನೀರಿನೊಳಗೆ ಬಳಸುವ ಫ್ಲ್ಯಾಶ್) ಯಾವ ಕೋನದಲ್ಲಿ ಹಿಡಿದರೂ ಪೋರ್ಟಿನ ನೆರಳೇ ಜೀವಿಯ ಮೇಲೆ ಬೀಳುತ್ತದೆ. ಕಲ್ಲಿನ ಸಂದಿಯಲ್ಲಿರುವ ಸಿಗಡಿಯಂತೂ ಗಾಜು ಹತ್ತಿರ ಬರುವ ಮೊದಲೇ ಒಳಗೆ ಸರಿದಿರುತ್ತದೆ. 60ರಲ್ಲಿ ಫೋಕಸ್‌ನ ಕನಿಷ್ಠ ದೂರ ಸೆನ್ಸರಿನಿಂದ 19 ಸೆಂ.ಮೀ.; ಲೆನ್ಸಿನ ತುದಿಯಿಂದ ಲೆಕ್ಕ ಹಾಕಿದರೆ ಸುಮಾರು 9 ಸೆಂ.ಮೀ. ಉಳಿಯುತ್ತದೆ. ಚಪ್ಪಟೆ ಗಾಜಿನ ಫ್ಲ್ಯಾಟ್ ಪೋರ್ಟಿನ ಹಿಂದಿನಿಂದ ನೋಡುವಾಗ ನೀರಿನ ವಕ್ರೀಭವನದಿಂದಾಗಿ (ಅದರ ಸೂಚ್ಯಂಕ ಸುಮಾರು 1.33) ವಸ್ತು ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ಅಂದರೆ ನಿಜವಾದ ಅಂತರ ಇನ್ನೂ ಮೂರನೆಯ ಒಂದಂಶದಷ್ಟು ಹೆಚ್ಚುತ್ತದೆ. ಲೆನ್ಸಿಗೂ ಗಾಜಿಗೂ ನಡುವಿನ ಜಾಗ ಕಳೆದು ಉಳಿಯುವ ಸುಮಾರು 10 ಸೆಂ.ಮೀ. ನೀರು ಎರಡು ಬದಿಗಳಿಂದ ಬೆಳಕು ಹಾಯಿಸಲು ಸಾಕು, ಕಸ ಹೊಳೆದು ಚಿತ್ರ ಕೆಡಿಸುವಷ್ಟು ಹೆಚ್ಚೂ ಅಲ್ಲ. ನಮ್ಮ ನೀರಿಗೆ ಇದಕ್ಕಿಂತ ಒಪ್ಪುವ ಅಳತೆಯನ್ನು ನಾನು ಕಂಡಿಲ್ಲ.

30ರ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಎರಡೂ ಲೆನ್ಸುಗಳಿಗೆ ಒಂದೇ ಪೋರ್ಟ್ ಸಾಕು ಎಂದು ಮಾರಿದವರು ಭರವಸೆ ಕೊಟ್ಟಿದ್ದರು. ಆದರೆ 60 ಮಿ.ಮೀ. ಲೆನ್ಸಿನ ಉದ್ದ 82 ಮಿ.ಮೀ., 30 ಮಿ.ಮೀ. ಲೆನ್ಸಿನದು 60 ಮಿ.ಮೀ. ದೊಡ್ಡದಕ್ಕೆ ಮಾಡಿದ ಪೋರ್ಟಿನೊಳಗೆ ಚಿಕ್ಕದನ್ನು ಇಟ್ಟರೆ ಮುಂದುಗಡೆ 2 ಸೆಂ.ಮೀ.ಗಿಂತ ಹೆಚ್ಚು ಖಾಲಿ ಜಾಗ ಉಳಿಯುತ್ತದೆ. ಗರಿಷ್ಠ ಹಿಗ್ಗುವಿಕೆಯ ಫೋಕಸ್ ಬೀಳುವ ಜಾಗವೇ ಗಾಜಿನ ಒಳಗಾಗುತ್ತದೆ. ಯಾವ ಗುಣಕ್ಕಾಗಿ ಆ ಲೆನ್ಸನ್ನು ಕೊಂಡೆವೋ ಆ ಗುಣವೇ ಆಗ ನೀರಿಗೆ ತಲಪುವುದಿಲ್ಲ. ಅದರ ಅಳತೆಯ ಬೇರೆ ಪೋರ್ಟಿನ ಬೆಲೆ ಲೆನ್ಸಿಗೆ ನಾನು ಕೊಟ್ಟ ಬೆಲೆಗಿಂತ ಹೆಚ್ಚಾಗುತ್ತಿತ್ತು.

60 ಮಿ.ಮೀ. ಲೆನ್ಸಿಗೂ ಒಂದು ದೋಷವಿದೆ. ಅದನ್ನು ವಿವರವಾಗಿಯೇ ಹೇಳಬೇಕು. ಲೆನ್ಸಿನ ಪಕ್ಕದಲ್ಲಿ ಫೋಕಸ್‌ನ ವ್ಯಾಪ್ತಿಯನ್ನು ಮಿತಿಗೊಳಿಸುವ ಒಂದು ಸಣ್ಣ ತಿರುಗಣೆಯಿದೆ. 0.19ರಿಂದ 0.4 ಮೀಟರ್, 0.19ರಿಂದ ಅನಂತ, 0.4ರಿಂದ ಅನಂತ ಎಂಬ ಮೂರು ಸ್ಥಾನಗಳಲ್ಲದೆ, ನೇರವಾಗಿ ಒಂದು ಪಟ್ಟಿಗೆ ಹೋಗುವ ನಾಲ್ಕನೆಯದೂ ಇದೆ. ನೆಲದ ಮೇಲೆ ಇದು ಬಹಳ ಉಪಯುಕ್ತ. ನೀರಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು, ಏಕೆಂದರೆ ಮಂಕು ಬೆಳಕಿನಲ್ಲಿ ಆಟೋಫೋಕಸ್ ಹಿಡಿತ ತಪ್ಪಿದರೆ ಲೆನ್ಸ್ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹುಡುಕಾಡಿ ಬರುವಷ್ಟರಲ್ಲಿ ಜೀವಿ ಹೋಗಿರುತ್ತದೆ. ಆದರೆ ಹೌಸಿಂಗ್ ಮುಚ್ಚಿದ ಮೇಲೆ ಆ ತಿರುಗಣೆಯನ್ನು ಮುಟ್ಟುವ ಉಪಾಯ ನನ್ನ ಹೌಸಿಂಗಿನಲ್ಲಿ ಇಲ್ಲ.

ಕಟ್ಟದ ನೀರಿನಲ್ಲಾದರೆ ದಡಕ್ಕೆ ಬಂದು, ಕೈ ಒರೆಸಿಕೊಂಡು, ಹೌಸಿಂಗ್ ತೆರೆದು ಬದಲಾಯಿಸಬಹುದು. ನೇತ್ರಾಣಿಯ ದೋಣಿಯಲ್ಲಿ, ಉಪ್ಪುನೀರು ಸಿಡಿಯುತ್ತಿರುವಾಗ ನೀರನ್ನು ತಡೆಯುವ ರಬ್ಬರ್ ಬಳೆಯಾದ ಓ-ರಿಂಗ್ ತೆರೆಯುವುದು ದೊಡ್ಡ ಅಪಾಯ. ಒಂದು ಕೂದಲೋ ಮರಳಿನ ಕಣವೋ ಸಿಕ್ಕಿಕೊಂಡರೆ ನೀರು ಒಳಬರುತ್ತದೆ, ಕ್ಯಾಮೆರಾ ಹೋಗುತ್ತದೆ. ಆದ್ದರಿಂದ ಇಳಿಯುವ ಮೊದಲೇ ತೀರ್ಮಾನಿಸಬೇಕು. ನಾನು ಸದಾ 0.19–0.4ರಲ್ಲೇ ಇಡುತ್ತೇನೆ. ಈ ಅಳತೆ ಸೆನ್ಸರಿನಿಂದ ಹಿಡಿದದ್ದು. ಗಾಜಿನಿಂದಾಚೆಗೆ ನೀರಿನಲ್ಲಿ ಹೆಚ್ಚುಕಡಿಮೆ ಒಂದು ಮೊಳದವರೆಗೆ ಫೋಕಸ್ ಸಿಗುತ್ತದೆ, ಅದಕ್ಕಿಂತ ದೂರದ್ದು ಏನೇ ಬಂದರೂ ನನ್ನದಲ್ಲ. ಚಿಪ್ಪಿಲ್ಲದ ಬಸವನಹುಳುವಾದ ನ್ಯೂಡಿಬ್ರಾಂಕ್ ಸಿಕ್ಕಾಗ ಆಟೋಫೋಕಸ್ ನಿಲ್ಲಿಸಿ, ದೂರವನ್ನು ಒಮ್ಮೆ ಕಟ್ಟಿಹಾಕಿ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಅದರ ತಲೆಯ ಕೊಂಬುಗಳು ಸ್ಪಷ್ಟವಾದ ಕ್ಷಣದಲ್ಲಿ ಒತ್ತುತ್ತೇನೆ. ಕಡಲಿನ ಓಲಾಟದಲ್ಲಿ ಇದು ಸುಲಭವಲ್ಲ, ಆದರೂ ಲೆನ್ಸಿನ ಹುಡುಕಾಟಕ್ಕೆ ಕಾಯುವುದಕ್ಕಿಂತ ಹೆಚ್ಚು ಫಲ ಕೊಟ್ಟಿದೆ.

60ರ ನೋಟ ಕಿರಿದು. ವ್ಯೂಫೈಂಡರಿನಲ್ಲಿ ಜೀವಿಯನ್ನು ಹುಡುಕಲು ಹೊತ್ತು ಹಿಡಿಯುತ್ತದೆ. ಲೆನ್ಸಿನಲ್ಲಿ ಕೈಯ ಅಲುಗಾಟವನ್ನು ತಡೆಯುವ ಸ್ಟೆಬಿಲೈಸೇಶನ್ ಇಲ್ಲ, ಕ್ಯಾಮೆರಾದಲ್ಲಿರುವುದೇ ಸಾಕಾಗಿದೆ. ಒಂದು ಪಟ್ಟಿನಲ್ಲಿ ಲೆನ್ಸಿನ ರಂಧ್ರವನ್ನು ಎಫ್/8ರಲ್ಲಿ ಇಟ್ಟರೆ ಪರಿಣಾಮದಲ್ಲಿ ಅದು ಎಫ್/16ರಷ್ಟಾಗುವುದರಿಂದ, ರಂಧ್ರ ತೀರ ಕಿರಿದಾದರೆ ಚಿತ್ರ ಮೆತ್ತಗಾಗುವುದರಿಂದ ನಾನು ಎಫ್/11 ದಾಟುವುದಿಲ್ಲ.

ಜೂಮ್ ಮತ್ತು ಕ್ಲೋಸ್-ಅಪ್ ಮಸೂರದ ಜೋಡಿಯ ದೊಡ್ಡ ಗುಣವೆಂದರೆ ಮಸೂರವನ್ನು ನೀರಿನಲ್ಲೇ ಬಿಚ್ಚಿ ಹಾಕಬಹುದು. ಹವಳದ ಮೇಲಿನ ಸಿಗಡಿಯನ್ನು ತೆಗೆದ ಮೇಲೆ ಮೀನುಗಳ ಹಿಂಡು ಬಂದರೆ ಅದನ್ನೂ ತೆಗೆಯಬಹುದು. ಬೇರೆ ಎರಡರಿಂದಲೂ ಇದು ಆಗದ ಕೆಲಸ. ಆದರೆ ಮಸೂರ ಹಾಕಿದಾಗ ಅದರ ನಾಭಿದೂರದಿಂದಾಚೆಗೆ ಫೋಕಸ್ ಸಿಗುವುದಿಲ್ಲ, ಚಿತ್ರದ ಅಂಚುಗಳೂ ಮೆತ್ತಗಾಗುತ್ತವೆ. ಕಟ್ಟದ ನೀರಿನಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಯ ಮುಖ ತೆಗೆದಾಗ ನಡುಭಾಗದಲ್ಲಿ ಕಂಡ ವಿವರ ಅಂಚಿನ ಕಾಲುಗಳಲ್ಲಿ ಕಾಣಲಿಲ್ಲ.

2023ರಲ್ಲಿ ಬಂದ, ಎರಡು ಪಟ್ಟು ಹಿಗ್ಗಿಸುವ 90 ಮಿ.ಮೀ. ಲೆನ್ಸ್ ನನ್ನ ಕೈಗೆ ನಿಲುಕುವ ಬೆಲೆಯದಲ್ಲ.

ಒಂದೇ ಕಲ್ಲಿನ ಮುಂದೆ ಸಿಲಿಂಡರಿನ ಗಾಳಿ ತೀರುವವರೆಗೆ ಕೂರುವುದು ನನ್ನ ಅಭ್ಯಾಸ. ಮೀನಿನ ಹಿಂಡು ತಪ್ಪಿದರೆ ನನಗೆ ನಷ್ಟವೆನಿಸದು. 30 ಮಿ.ಮೀ. ಮಾರಿದ ಹಣಕ್ಕೆ ಸ್ವಲ್ಪ ಸೇರಿಸಿ ಸ್ಟ್ರೋಬಿಗೆ ಎರಡನೆಯ ತೋಳು ಕೊಂಡೆ. ಜೂಮಿಗಾಗಿ ತಂದಿದ್ದ ಕ್ಲೋಸ್-ಅಪ್ ಮಸೂರವನ್ನು ಈಗ 60ರ ಪೋರ್ಟಿನ 67 ಮಿ.ಮೀ. ತಿರುಪಿಗೇ ಹಾಕುತ್ತೇನೆ, ಒಂದು ಪಟ್ಟಿಗಿಂತ ಹೆಚ್ಚಿನ ಹಿಗ್ಗುವಿಕೆ ಅದರಿಂದಲೇ ಸಿಗುತ್ತದೆ. ವರ್ಷಕ್ಕೊಮ್ಮೆ ನೇತ್ರಾಣಿಗೆ ಹೋಗಿ ಕಂಡದ್ದನ್ನೆಲ್ಲ ತೆಗೆಯಬಯಸುವವರಿಗೆ ಜೂಮಿನ ಜೋಡಿಯೇ ಸಾಕು, ಹೊಸ ಪೋರ್ಟಿನ ಖರ್ಚೂ ಉಳಿಯುತ್ತದೆ. 30 ಮಿ.ಮೀ. ಕೊಳ್ಳುವವರು ಅದರದೇ ಅಳತೆಯ ಪೋರ್ಟಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು.